ಮುದ್ದೆ ಅಗಿದವನ ಅಣಕ

ಹಾಸನ ಜಿಲ್ಲೆಯವರು ಟೀವಿಯಲ್ಲಿ ಹಾಸ್ಯ ನೋಡಲು ಕೂತಾಗ ನಗುವಿಗಿಂತ ಮೊದಲು ವಿಚಾರಣೆ ಶುರುವಾಗುತ್ತದೆ. 'ಇದು ಯಾರನ್ನ ನೋಡಿ ಮಾಡವ್ರೆ?' ಪರದೆಯ ಮೇಲೆ ಹೊಟ್ಟೆ ಬಿಟ್ಟುಕೊಂಡ ಕಂಟ್ರಾಕ್ಟರ್ ಒಬ್ಬ ಬಂದು ನಿಂತರೆ ಹಾಸನದ ಮನೆಯಲ್ಲಿ ಒಂದು ಹೆಸರು ಹೊರಬೀಳುತ್ತದೆ, ಚನ್ನರಾಯಪಟ್ಟಣದ ಮನೆಯಲ್ಲಿ ಇನ್ನೊಂದು. ಬರೆದವರು ಬೆಂಗಳೂರಿನಲ್ಲಿ ಕೂತು ಯಾರನ್ನೂ ಮನಸ್ಸಿನಲ್ಲಿಟ್ಟುಕೊಳ್ಳದೆ ಬರೆದಿದ್ದರೂ ಇರಬಹುದು. ಆದರೆ ಆ ಪಾತ್ರಕ್ಕೊಂದು ಊರು, ಕೇರಿ, ಮನೆತನ ಹುಡುಕಿ ಕೊಡುವವರೆಗೆ ನಮ್ಮವರಿಗೆ ಸಮಾಧಾನವಿಲ್ಲ. ಗುರುತು ಸಿಕ್ಕಿತೆಂದರೆ ಸರಿ, ಆಮೇಲೆ ಬರುವ ನಗು ಬೀದಿಯ ತುದಿಗೆ ಕೇಳಿಸುತ್ತದೆ.

ಊರಿಂದೂರಿಗೆ ಇದರ ರೀತಿಯೂ ಬೇರೆ. ಹಾಸನದಲ್ಲಿ ಆಫೀಸು, ಕೋರ್ಟು, ಕಚೇರಿಯ ಅಣಕವನ್ನು ಬೇಗ ಹಿಡಿಯುತ್ತಾರೆ. ಚನ್ನರಾಯಪಟ್ಟಣದ ಕೊಬ್ಬರಿ ಮಂಡಿಯವರಿಗೆ ದಲ್ಲಾಳಿಯ ಪಾತ್ರ ಬಂದರೆ ಹಬ್ಬ. ಅರಕಲಗೂಡಿನವರು ಮೆಲ್ಲಗೆ ನಗುತ್ತಾರೆ, ಮರುದಿನ ಹೊಗೆಸೊಪ್ಪು ಹರಾಜಿನ ಕಟ್ಟೆಯಲ್ಲಿ ಆ ಮಾತನ್ನು ಇನ್ನಷ್ಟು ಚೆನ್ನಾಗಿ ಹೇಳುತ್ತಾರೆ. ಹೊಳೆನರಸೀಪುರಕ್ಕೆ ಮಾತ್ರ ರಾಜಕೀಯವೇ ಬೇಕು. ಅದು ಆ ಮಣ್ಣಿನ ಗುಣ.

ಹೊಳೆನರಸೀಪುರದ ಪಕ್ಕದ ಹಳ್ಳಿಯಲ್ಲಿ ನಮ್ಮ ದೊಡ್ಡಪ್ಪನ ಮನೆ. ಕೇಬಲ್ಲು ಆಗಷ್ಟೇ ಹಳ್ಳಿಗೂ ಬಂದಿತ್ತು. ಒಂದು ರಾತ್ರಿ ಯಾವುದೋ ಹಾಸ್ಯ ಕಾರ್ಯಕ್ರಮದಲ್ಲಿ ಒಬ್ಬ ಹುಡುಗ ಬಿಳಿ ಪಂಚೆ ಉಟ್ಟು, ಹೆಗಲ ಮೇಲೆ ವಲ್ಲಿ ಹಾಕಿಕೊಂಡು ದೇವೇಗೌಡರ ಅಣಕ ಮಾಡುತ್ತಿದ್ದ. ದನಿಯನ್ನು ಸೊಗಸಾಗಿ ಹಿಡಿದಿದ್ದ. ಮಾತಿನ ನಡುವೆ ಆ ನಿಲುಗಡೆ, ಗಂಟಲ ಆಳದಿಂದ ಎದ್ದು ಬರುವ ಆ ಗೊಗ್ಗರು, ಕೈ ಎತ್ತಿ ಇಳಿಸುವ ಬಗೆ, ಒಂದೂ ತಪ್ಪಿರಲಿಲ್ಲ. ಪಡಸಾಲೆ ತುಂಬ ನಗು. ದೊಡ್ಡಪ್ಪ ಗೋಡೆಗೊರಗಿ ಕೂತು, ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು. ಅಷ್ಟರಲ್ಲಿ ಆ ಹುಡುಗನ ಮುಂದೆ ತಟ್ಟೆ ತಂದಿಟ್ಟರು. ತಟ್ಟೆಯಲ್ಲಿ ಮುದ್ದೆ, ಪಕ್ಕದಲ್ಲಿ ಬಟ್ಟಲು ಸಾರು. ಹುಡುಗ ಚಪಾತಿ ಹರಿದ ಹಾಗೆ ಮುದ್ದೆಯನ್ನು ಚೂರು ಹರಿದು ಬಾಯಿಗಿಟ್ಟುಕೊಂಡು ಅಗಿಯತೊಡಗಿದ.

ದೊಡ್ಡಪ್ಪನ ನಗು ಅಲ್ಲಿಗೆ ನಿಂತಿತು.

'ಮುದ್ದೆ ಅಗೀತಾವ್ನಲ್ಲೋ ಅವ್ನು!'

ಬೆರಳ ತುದಿಯಲ್ಲಿ ತುತ್ತು ಮುರಿದು, ಉರುಟು ಮಾಡಿ, ಹೆಬ್ಬೆರಳಿಂದ ಒಂದು ಸಣ್ಣ ಗುಳಿ ಒತ್ತಿ, ಆ ಗುಳಿಯಲ್ಲಿ ಹುರಳಿಕಟ್ಟಿನ ಸಾರು ನಿಲ್ಲುವಂತೆ ಅದ್ದಿ, ಹಲ್ಲಿಗೆ ಸೋಕಿಸದೆ ನುಂಗಬೇಕು. ಮುದ್ದೆಯ ರುಚಿ ಇರುವುದು ನಾಲಿಗೆ ದಾಟಿ ಗಂಟಲಲ್ಲಿ ಇಳಿಯುವಾಗ. ನಮ್ಮ ಕಡೆ ನಾಲ್ಕು ವರ್ಷದ ಮಗುವಿಗೂ ಇದು ಗೊತ್ತು. ದೊಡ್ಡಪ್ಪ ಅಲ್ಲಿದ್ದ ಹುಡುಗರಿಗೆಲ್ಲ ಖಾಲಿ ಕೈಯಲ್ಲೇ ಅದನ್ನು ಮಾಡಿ ತೋರಿಸಿದರು. 'ಗೌಡ್ರನ್ನ ಆಡ್ಕೊಳ್ಳಲಿ, ಯಾರ್ ಬ್ಯಾಡ ಅಂದೋರು? ಮುದ್ದೆ ನುಂಗೋದ್ ಕಲ್ತು ಬಂದು ಆಡ್ಕೊಳ್ಳಲಿ' ಅಂದರು. ಹಾಗೆ ನೋಡಿದರೆ ದೊಡ್ಡಪ್ಪ ಗೌಡರ ಪಕ್ಷದವರಲ್ಲ. ಎಷ್ಟೋ ಚುನಾವಣೆಯಲ್ಲಿ ಅವರ ವಿರುದ್ಧವೇ ಓಡಾಡಿದವರು. ಅವರಿಗೆ ನೋವಾದದ್ದು ನಾಯಕನ ಅಣಕಕ್ಕಲ್ಲ, ಮುದ್ದೆಗೆ ಆದ ಅವಮಾನಕ್ಕೆ. ಅಣಕ ಮಾಡುವವನು ತಮ್ಮನ್ನೂ ಬಲ್ಲವನು ಎಂದು ಅಲ್ಲಿಯವರೆಗೆ ನಂಬಿದ್ದರು. ಒಂದು ತುತ್ತಿನಲ್ಲಿ ಅವನು ಹೊರಗಿನವನಾಗಿಬಿಟ್ಟ.

ನನಗೆ ಇದು ಬಹಳ ದೊಡ್ಡ ವಿಮರ್ಶೆ ಎನಿಸುತ್ತದೆ. ವಿಡಂಬನೆಯ ಬಗ್ಗೆ ಪುಸ್ತಕಗಳಲ್ಲಿ ಓದಿದ್ದಕ್ಕಿಂತ ಆ ಪಡಸಾಲೆಯಲ್ಲಿ ಕಲಿತದ್ದು ಹೆಚ್ಚು. ನಮ್ಮವರಿಗೆ ಬೈಗುಳವಾದರೂ ಬಲ್ಲವರ ಬಾಯಿಂದಲೇ ಬರಬೇಕು.

ಹರದನಹಳ್ಳಿಯಲ್ಲಿ ಹುಟ್ಟಿದ ದೇವೇಗೌಡರು 1996ರ ಜೂನ್ 1ರಂದು ದೇಶದ ಪ್ರಧಾನಿಯಾದಾಗ ಹೊಳೆನರಸೀಪುರ ತಾಲ್ಲೂಕಿಗೆ ತಾಲ್ಲೂಕೇ ಟೀವಿ ಮುಂದೆ ಕೂತಿತ್ತು. 1962ರಲ್ಲಿ ಅವರು ಪಕ್ಷೇತರರಾಗಿ ಗೆದ್ದು ವಿಧಾನಸಭೆಗೆ ಹೋದದ್ದನ್ನು ಕಂಡಿದ್ದ ಮುದುಕರು ಅಲ್ಲಿದ್ದರು. ಆದರೆ ಮುಂದಿನ ಹತ್ತು ತಿಂಗಳು ದಿಲ್ಲಿಯ ಪತ್ರಿಕೆಗಳ ವ್ಯಂಗ್ಯಚಿತ್ರಗಳಲ್ಲಿ, ಮಾತುಗಳಲ್ಲಿ ಅವರು ಸಭೆಯಲ್ಲಿ ಕಣ್ಣು ಮುಚ್ಚಿದ್ದು, ಅವರ ಹಿಂದಿ, ಅವರ ಊಟ, ಇವೇ ತಿರುತಿರುಗಿ ಬಂದವು. ಅದೇ ಕಣ್ಣು ಮುಚ್ಚುವ ಅಭ್ಯಾಸವನ್ನು ನಮ್ಮೂರ ಹೋಟೆಲಿನಲ್ಲಿ ಎಷ್ಟು ಜನ ಅಣಕಿಸಿಲ್ಲ! ಅಲ್ಲಿ ಎಲ್ಲರೂ ನಕ್ಕಿದ್ದಾರೆ. ದಿಲ್ಲಿಯ ಅಣಕಕ್ಕೆ ಮಾತ್ರ ಯಾರೂ ನಗಲಿಲ್ಲ. ಅಲ್ಲಿ ನಗೆಗೆ ಗುರಿಯಾಗಿದ್ದದ್ದು ಒಬ್ಬ ರಾಜಕಾರಣಿಯ ನಡೆಯಲ್ಲ, ಹಿಂದಿ ಬಾರದ, ರಾಗಿ ತಿನ್ನುವ ಜನ ಇಷ್ಟು ದೂರ ಬಂದದ್ದು. ಅದು ನಮ್ಮವರಿಗೆ ಯಾರೂ ಹೇಳದೆಯೇ ತಿಳಿಯಿತು.

ಆಮೇಲಿನ ವರ್ಷಗಳಲ್ಲಿ ಆ ಮನೆತನದ ಸುತ್ತ ಕನ್ನಡದ ಮಿಮಿಕ್ರಿಯವರಿಗೆ ಸರಕು ತಪ್ಪಲಿಲ್ಲ. ಗೌಡರ ಮಗ ರೇವಣ್ಣನವರ ಕೈಯಲ್ಲಿನ ನಿಂಬೆಹಣ್ಣು, 2019ರ ಮಂಡ್ಯ ಚುನಾವಣೆಯ ಹೊತ್ತಿಗೆ ಮೊಮ್ಮಗನ ಹೆಸರಲ್ಲಿ ಮಕ್ಕಳ ಬಾಯಲ್ಲೂ ಕುಣಿದ 'ನಿಖಿಲ್ ಎಲ್ಲಿದ್ದೀಯಪ್ಪ', ಎಲ್ಲಕ್ಕೂ ನಮ್ಮ ಬಸ್‌ಸ್ಟ್ಯಾಂಡುಗಳು ಮನಸಾರೆ ನಕ್ಕವು. ಮಾಡಿದವರು ಕನ್ನಡದವರು, ನಮ್ಮ ಬಾಯಿಯ ತಿರುವು ಬಲ್ಲವರು.

ಬಾಯಿಯ ತಿರುವು ಅಂದಾಗ ಶಿವರಾಜ್ ಕೆ.ಆರ್. ಪೇಟೆ ನೆನಪಾಗುತ್ತಾರೆ. 2016ರಲ್ಲಿ ಜೀ ಕನ್ನಡದಲ್ಲಿ 'ಕಾಮಿಡಿ ಕಿಲಾಡಿಗಳು' ಶುರುವಾದಾಗ ಚನ್ನರಾಯಪಟ್ಟಣದ ಮನೆಮನೆಯಲ್ಲಿ ಅವರು ಸ್ವಂತ ಹುಡುಗ. ಕೆ.ಆರ್. ಪೇಟೆ ಮಂಡ್ಯ ಜಿಲ್ಲೆಗೆ ಸೇರಿದರೇನು, ಕಿಕ್ಕೇರಿ, ಶ್ರವಣಬೆಳಗೊಳ ದಾಟಿದರೆ ಚನ್ನರಾಯಪಟ್ಟಣವೇ. ಅಲ್ಲಿಗೂ ಇಲ್ಲಿಗೂ ಕೊಟ್ಟು ತಂದ ನೆಂಟಸ್ತನ. ಅಲ್ಲಿಯವರೆಗೆ ಟೀವಿಯಲ್ಲಿ ಹಳ್ಳಿಯವನ ಮಾತೆಂದರೆ ಎಲ್ಲರಿಗೂ ಒಂದೇ ಅಚ್ಚಿನದು, ಯಾವ ಹಳ್ಳಿಯಲ್ಲೂ ಯಾರೂ ಆಡದ್ದು. ಈ ಹುಡುಗ ಬಾಯಿ ತೆರೆದರೆ ಸಂತೆಯ ಚೌಕಾಸಿ, ಸೋದರಮಾವನ ಗದರಿಕೆ, ಕುಡಿದು ಬಂದವನ ತತ್ವಜ್ಞಾನ ಎಲ್ಲವೂ ನಮ್ಮ ಸೀಮೆಯ ರಾಗದಲ್ಲೇ ಬರುತ್ತಿತ್ತು. ನನ್ನ ಅತ್ತಿಗೆ ಒಲೆ ಮೇಲೆ ಹಾಲಿಟ್ಟು ಬಂದು ನಿಂತಲ್ಲೇ ನೋಡುತ್ತಿದ್ದರು. 'ಥೇಟ್ ನಮ್ಮ ಚಿಕ್ಕಮಾವ ಕಣ್ರೀ' ಎಂದು ಸೆರಗು ಬಾಯಿಗೊತ್ತಿಕೊಂಡು ನಗುವಾಗ ಅವರ ಮುಖದಲ್ಲಿ ಒಂದು ಹೆಮ್ಮೆಯೂ ಇರುತ್ತಿತ್ತು. ಆ ಕಾರ್ಯಕ್ರಮದ ಪ್ರಶಸ್ತಿ ಶಿವರಾಜ್ ಅವರಿಗೆ ಬಂದದ್ದು ನಮ್ಮ ಕಡೆಯವರಿಗೆ ಮನೆಯ ಮದುವೆಯಷ್ಟೇ ಸಂಭ್ರಮ.

ಇದಕ್ಕೂ ಹಿಂದೆ ಈಟೀವಿಯ 'ಸಿಲ್ಲಿ ಲಲ್ಲಿ' ಇತ್ತು. ಮಂಜುಭಾಷಿಣಿಯವರ ಸಮಾಜಸೇವಕಿ ಲಲಿತಾಂಬ ನಮ್ಮ ಮಹಿಳಾ ಸಮಾಜಗಳಿಗೆಲ್ಲ ಪರಿಚಿತಳು. ಯಾವ ಊರಿನ ಕಾರ್ಯದರ್ಶಿ ಆಕೆಗೆ ಹೆಚ್ಚು ಹತ್ತಿರ ಎಂಬ ಚರ್ಚೆ ಕಾರ್ಯದರ್ಶಿಗಳ ಎದುರಿಗೇ ನಡೆಯುತ್ತಿತ್ತು, ಅವರೂ ಸೇರಿ ನಗುತ್ತಿದ್ದರು. 'ಮಜಾ ಟಾಕೀಸ್'ನಲ್ಲಿ ಅಪರ್ಣಾ ವರಲಕ್ಷ್ಮಿಯಾಗಿ ಬಂದಾಗ ಮೊದಲು ಬೆರಗು. ಅಷ್ಟು ಗಂಭೀರವಾಗಿ ಅಚ್ಚ ಕನ್ನಡದಲ್ಲಿ ನಿರೂಪಣೆ ಮಾಡುತ್ತಿದ್ದ ದನಿ ಹೀಗೂ ಆಡಬಲ್ಲದೇ! 2024ರ ಜುಲೈನಲ್ಲಿ ಅವರು ತೀರಿಕೊಂಡಾಗ ನಮ್ಮ ಮನೆಯ ಹೆಂಗಸರು ವರಲಕ್ಷ್ಮಿಯನ್ನೇ ನೆನೆದು ಅತ್ತರು.

ಟೀವಿಗೂ ಹಾಸನಕ್ಕೂ ಇನ್ನೊಂದು ನಂಟಿದೆ. ಸಾಲಗಾಮೆ ರಸ್ತೆಯ ಎಂಸಿಎಫ್, ಅಂದರೆ ಇಸ್ರೋದ ನಿಯಂತ್ರಣ ಕೇಂದ್ರ, 1982ರಲ್ಲಿ ಶುರುವಾಯಿತು. 1983ರಲ್ಲಿ ಹಾರಿದ ಇನ್ಸಾಟ್-1ಬಿ ಉಪಗ್ರಹದಿಂದಲೇ ದೂರದರ್ಶನ ದೇಶದ ಮೂಲೆಮೂಲೆಗೆ ಮುಟ್ಟಿದ್ದು. ಅದನ್ನು ಹಗಲುರಾತ್ರಿ ಕಾದು, ದಾರಿ ತಪ್ಪದಂತೆ ನೋಡಿಕೊಂಡದ್ದು ಈ ಕೇಂದ್ರ. 1989ರಲ್ಲಿ ಜಸ್ಪಾಲ್ ಭಟ್ಟಿಯವರ 'ಫ್ಲಾಪ್ ಶೋ' ನೋಡಿ ಇಡೀ ದೇಶ ನಕ್ಕಿತಲ್ಲ, ಆ ನಗೆಯ ಹಿಂದೆ ಹಾಸನದಲ್ಲಿ ನಿದ್ದೆಗೆಟ್ಟು ಪಾಳಿ ಮಾಡಿದವರಿದ್ದರು. ಇದನ್ನು ನೆನೆದಾಗ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ಭಟ್ಟಿಯವರ ಹಿಂದಿ ನಮ್ಮ ಬೀದಿಯವರಿಗೆ ಪೂರ್ತಿ ತಿಳಿಯುತ್ತಿರಲಿಲ್ಲ. ಆದರೂ ಕಂಟ್ರಾಕ್ಟರು, ಡಾಕ್ಟರು, ಪಿಎಚ್‌ಡಿ ಗೈಡು, ಇವರ ಆಟ ತಿಳಿಯಲು ಭಾಷೆ ಯಾಕೆ?

ಅಣಕದಲ್ಲಿ ನಮ್ಮವರನ್ನು ಗುರುತು ಹಿಡಿಯುವ ಈ ಕಣ್ಣು ಟೀವಿಯಿಂದ ಬಂದದ್ದಲ್ಲ. ನಮ್ಮ ಹಳ್ಳಿಗಳಲ್ಲಿ ಇವತ್ತಿಗೂ ಬೇಸಗೆಯಲ್ಲಿ 'ಕುರುಕ್ಷೇತ್ರ' ಆಡುತ್ತಾರೆ. ಡ್ರೆಸ್ಸು, ಸೀನರಿ ಬಾಡಿಗೆಗೆ ತಂದು, ಹಾರ್ಮೋನಿಯಂ ಮೇಷ್ಟ್ರ ಕೈಯಲ್ಲಿ ತಿಂಗಳುಗಟ್ಟಲೆ ಪಳಗಿ, ಬೆಳಗಿನ ತನಕ ಆಡುವ ನಾಟಕ. ಅದರಲ್ಲಿ ಕೃಷ್ಣನ ಗೆಳೆಯ ಮಕರಂದ ಬಂದನೆಂದರೆ ಮಲಗಿದ್ದ ಮಕ್ಕಳೂ ಎದ್ದು ಕೂರುತ್ತವೆ. ದ್ವಾರಕೆಯಲ್ಲಿ ನಿಂತೇ ಅವನು ನಮ್ಮೂರ ಹಾಲಿನ ಡೇರಿಯ ಲೆಕ್ಕ ಕೇಳುತ್ತಾನೆ, ಸೊಸೈಟಿಯ ಸಾಲ ಯಾರು ತಿಂದರು ಎನ್ನುತ್ತಾನೆ. ತಿಂದವರು ಎದುರಿಗೇ ಕುರ್ಚಿಯಲ್ಲಿರುತ್ತಾರೆ. ಅವರು ನಕ್ಕು, ಎದ್ದು ಬಂದು, ಮಕರಂದನ ಎದೆಗೆ ನೋಟು ಚುಚ್ಚಿ ಹೋಗುವುದನ್ನು ನಾನು ನೋಡಿದ್ದೇನೆ. ಮಾಸ್ಟರ್ ಹಿರಣ್ಣಯ್ಯನವರು 'ಲಂಚಾವತಾರ'ದಲ್ಲಿ ಆಯಾ ದಿನದ ಸುದ್ದಿಯನ್ನೇ ಮಾತಿಗೆ ಸೇರಿಸಿ ಅಧಿಕಾರಸ್ಥರನ್ನು ಎಳೆದಾಡಿದ್ದು ಇದೇ ಕಸುಬಿನ ದೊಡ್ಡ ರೂಪ. ಹೇಮಾವತಿ ದಂಡೆಯ ಗೊರೂರು ರಾಮಸ್ವಾಮಿ ಅಯ್ಯಂಗಾರರು ತಮ್ಮ ಊರಿನವರ ಜಿಪುಣತನ, ಜಂಬ, ಸೋಮಾರಿತನಗಳನ್ನೆಲ್ಲ ಬರೆದೂ ಆ ಊರಿನ ಪ್ರೀತಿ ಉಳಿಸಿಕೊಂಡರು. ಅವರ ಹಾಸ್ಯದಲ್ಲಿ ಮುದ್ದೆ ಅಗಿಯುವವರು ಒಬ್ಬರೂ ಇಲ್ಲ.

ನನ್ನ ಅಕ್ಕನ ಮಗಳು ಡಬ್ಲಿನ್ನಿನಲ್ಲಿದ್ದಾಳೆ. ರಜೆಗೆ ಅರಕಲಗೂಡಿಗೆ ಬಂದಾಗ ಐರ್ಲೆಂಡಿನ ಹಳೆಯ ವಿಡಂಬನೆಯ ತುಣುಕುಗಳನ್ನು ನಮಗೆ ತೋರಿಸಿದಳು. ಅಲ್ಲಿನ ಆರ್‌ಟಿಇ ಟೀವಿಯಲ್ಲಿ 1971ರಿಂದ 1980ರವರೆಗೆ ಫ್ರಾಂಕ್ ಹಾಲ್ ಎಂಬವರ 'ಹಾಲ್ಸ್ ಪಿಕ್ಟೋರಿಯಲ್ ವೀಕ್ಲಿ' ಬರುತ್ತಿತ್ತಂತೆ. ಅದರಲ್ಲಿ ಬ್ಯಾಲಿಮಗ್ಯಾಷ್ ಎಂಬ ಕಲ್ಪಿತ ಸಣ್ಣ ಪಟ್ಟಣ, ಅದರ ಪುರಸಭೆ, ಅದರ ಸದಸ್ಯರು. ಹಣಕಾಸು ಮಂತ್ರಿಯನ್ನು ಅಣಕಿಸಲು 'ಕಷ್ಟಕಾರ್ಪಣ್ಯದ ಮಂತ್ರಿ' ಎಂಬ ಪಾತ್ರ. ಆ ಸರ್ಕಾರ 1977ರಲ್ಲಿ ಸೋತಾಗ ಈ ಕಾರ್ಯಕ್ರಮದ ಕೈಯೂ ಇದೆ ಎಂದು ಜನ ಆಡಿಕೊಂಡರಂತೆ. ಅಕ್ಕನ ಓರಗಿತ್ತಿಗೆ ಇಂಗ್ಲಿಷ್ ಬಾರದು. ಸಭೆಯ ದೃಶ್ಯವನ್ನು ಸ್ವಲ್ಪ ಹೊತ್ತು ದಿಟ್ಟಿಸಿ ನೋಡಿ, 'ಇದು ನಮ್ಮ ಪಟ್ಟಣ ಪಂಚಾಯ್ತಿ ಮೀಟಿಂಗಲ್ಲವೇನೇ?' ಎಂದರು.

ಅಕ್ಕನ ಮಗಳು ಹೇಳಿದ ಇನ್ನೊಂದು ಸಂಗತಿ ನನಗೆ ಇನ್ನೂ ಹಿಡಿಸಿತು. 1995ರಿಂದ 98ರವರೆಗೆ ಬಂದ 'ಫಾದರ್ ಟೆಡ್' ಎಂಬ ಹಾಸ್ಯ ಧಾರಾವಾಹಿಯಲ್ಲಿ ಕ್ರ್ಯಾಗಿ ಎಂಬ ದ್ವೀಪ. ಅಲ್ಲಿರುವವರು ಎಡವಟ್ಟು ಪಾದ್ರಿಗಳು, ವಿಚಿತ್ರದ ಊರಮಂದಿ. ಧಾರಾವಾಹಿ ಮುಗಿದ ಎಷ್ಟೋ ವರ್ಷದ ಮೇಲೆ, 2007ರಲ್ಲಿ, ಇನಿಶ್‌ಮೋರ್ ಮತ್ತು ಇನಿಶೀರ್ ಎಂಬ ಎರಡು ನಿಜವಾದ ದ್ವೀಪಗಳು ಆ ಕ್ರ್ಯಾಗಿ ದ್ವೀಪ ತಾನೇ ಎಂದು ಹಠ ಹಿಡಿದವು. ಕೊನೆಗೆ ಫುಟ್‌ಬಾಲ್ ಪಂದ್ಯ ಆಡಿ ತೀರ್ಮಾನ ಮಾಡಿಕೊಂಡವು, ಇನಿಶ್‌ಮೋರ್ ಗೆದ್ದಿತು. ಅಣಕಕ್ಕೆ ಗುರಿಯಾದ ಊರು ನಮ್ಮದೇ ಆಗಲಿ ಎಂದು ಜಗಳವಾಡುವ ಜನ! ಇದನ್ನು ಕೇಳಿದಾಗ ದೂರದ ನೆಂಟರ ಸುದ್ದಿ ಕೇಳಿದಷ್ಟು ಖುಷಿಯಾಯಿತು.

ನಮ್ಮವರು ನಗದೆ ಎದ್ದು ಹೋಗುವ ಹೊತ್ತೂ ಇದೆ. ಗಂಡಸು ಸೀರೆ ಉಟ್ಟು ಬಂದು ದಪ್ಪಗಿರುವುದನ್ನೂ ಕಪ್ಪಗಿರುವುದನ್ನೂ ಹೀಯಾಳಿಸುವ ಸ್ಕಿಟ್ ಶುರುವಾದರೆ ಅತ್ತಿಗೆ ಏನೂ ಹೇಳದೆ ಅಡುಗೆಮನೆಗೆ ಹೋಗುತ್ತಾರೆ. ಮಗಳೂ ಅವರ ಹಿಂದೆ ಹೋಗುತ್ತಾಳೆ. ಉಳಿದ ಗಂಡಸರಿಗೆ ಆ ನಗು ಪೂರ್ತಿ ದಕ್ಕುವುದಿಲ್ಲ. 2024ರ ಬೇಸಗೆಯಲ್ಲಿ ಹೆಣ್ಣುಮಕ್ಕಳ ಮೇಲಿನ ದೌರ್ಜನ್ಯದ ಪ್ರಕರಣದಿಂದ ನಮ್ಮ ಜಿಲ್ಲೆಯ ಹೆಸರು ದೇಶದ ಬಾಯಿಗೆ ಬಿದ್ದಾಗ, ಅವರ ಸಂಕಟವನ್ನೂ ತಮಾಷೆಗೆ ತಂದವರಿದ್ದರು. ಅಂಥದ್ದನ್ನು ಮೊಬೈಲಿನಲ್ಲಿ ತೋರಿಸಲು ಬಂದ ಹುಡುಗನೊಬ್ಬನಿಗೆ ಹೋಟೆಲಿನ ಹಿರಿಯರು 'ಮೊದಲು ಅದನ್ನ ಮುಚ್ಚು' ಎಂದು ಗದರಿದರು. ಆ ಗದರಿಕೆಯೂ ಒಳ್ಳೆಯ ನೋಡುಗನ ಲಕ್ಷಣ ಎಂದು ನಾನು ನಂಬಿದ್ದೇನೆ. ಬಲಶಾಲಿಯನ್ನು ಎಷ್ಟು ಬೇಕಾದರೂ ಅಣಕಿಸಿ ಎಂದು ಬಿಟ್ಟುಕೊಡುವ ಜನ ನೊಂದವರ ಬಾಗಿಲಿಗೆ ಅಡ್ಡ ನಿಲ್ಲುತ್ತಾರೆ.

ನನಗೊಂದು ಆಸೆ ಉಳಿದಿದೆ. ಬ್ಯಾಲಿಮಗ್ಯಾಷ್‌ನಂಥದ್ದೊಂದು ಪಟ್ಟಣವನ್ನು ಹೇಮಾವತಿ ಸೀಮೆಯಲ್ಲಿ ಕಟ್ಟಿ ಯಾರಾದರೂ ವಾರಕ್ಕೊಮ್ಮೆ ಟೀವಿಯಲ್ಲಿ ತೋರಿಸಬೇಕು. ಆಲೂಗೆಡ್ಡೆ ಬಿತ್ತನೆಗೆ ಬಂದ ಅಂಗಮಾರಿ, ಕಾಫಿ ತೋಟ ದಾಟಿ ಊರಿಗೆ ನುಗ್ಗುವ ಆನೆ, ನಾಲೆಯ ಕೊನೆಯ ಹಳ್ಳಿಗೆ ಮುಟ್ಟದ ನೀರು, ಪ್ರತಿ ಸಭೆಯಲ್ಲೂ ಮಂಜೂರಾಗುವ ಅದೇ ರಸ್ತೆ, ಎಲ್ಲವೂ ಅಲ್ಲಿರಲಿ. ಬರೆಯುವವರು ಈ ಕಡೆಯ ಹುಡುಗ ಹುಡುಗಿಯರೇ ಆಗಿರಲಿ. ಈ ಮಾತನ್ನು ಮನೆಯಲ್ಲಿ ಎತ್ತಿದ ದಿನವೇ ಆ ಪಟ್ಟಣ ಯಾವುದಿರಬೇಕು ಎಂದು ವಾದ ಹತ್ತಿತು. ಅಕ್ಕನ ಓರಗಿತ್ತಿ ಅರಕಲಗೂಡು ಎಂದರು, ಅತ್ತಿಗೆ ತವರಿನ ಪಕ್ಷ ವಹಿಸಿ ಚನ್ನರಾಯಪಟ್ಟಣ ಎಂದರು. ನಾನು ಹೊಳೆನರಸೀಪುರದ ಕಡೆಗೆ ನಿಂತಿದ್ದೇನೆ, ಬಿಟ್ಟುಕೊಡುವುದಿಲ್ಲ.