ಕಂಬ ಒಡೆಯುವ ಮೋಟರ್

ತಲೆ ಬಗ್ಗಿಸಿಕೊಂಡು ಬನ್ನಿ, ಇಲ್ಲದಿದ್ದರೆ ಅಡ್ಡ ಕಟ್ಟಿದ ಬೊಂಬು ಹಣೆಗೆ ಬಡಿಯುತ್ತದೆ. ಗಣಪತಿ ಪೆಂಡಾಲಿನ ಹಿಂಬದಿ ಇದು. ಮುಂದೆ ಜರಿ ಬಟ್ಟೆ, ಸೀರಿಯಲ್ ಸೆಟ್ಟು. ಇಲ್ಲಿ ಸರ್ವೆ ಮರ, ಹಗ್ಗದ ಸಿಂಬಿ, ಕಾಲಿಗೆಲ್ಲ ಅಂಟಿಕೊಳ್ಳುವ ಥರ್ಮಾಕೋಲ್ ಪುಡಿ. ನಾಳೆ ಚೌತಿ. ಮಂಡ್ಯದ ಕಡೆಯ ಈ ಬೀದಿಯ ಹುಡುಗರು ಈ ಸಲ ಪ್ರಹ್ಲಾದನ ಕಥೆ ಹಿಡಿದಿದ್ದಾರೆ. ಹಿರಣ್ಯಕಶಿಪು ಗದೆ ಎತ್ತಿ ನಿಂತಾಗಿದೆ, ಪ್ರಹ್ಲಾದ ಕೈ ಮುಗಿದಾಗಿದೆ, ನಡುವೆ ಆಳೆತ್ತರದ ಥರ್ಮಾಕೋಲ್ ಕಂಬ. ಅದು ಎರಡು ಹೋಳಾಗಿ ಸರಿಯಬೇಕು, ನರಸಿಂಹ ಕಾಣಬೇಕು, ಆಮೇಲೆ ಕಂಬ ಮತ್ತೆ ಕೂಡಿಕೊಳ್ಳಬೇಕು. ಹಿಂದೆಲ್ಲ ಒಬ್ಬ ಹುಡುಗ ಇಲ್ಲೇ ಕೂತು ಹಗ್ಗ ಜಗ್ಗುತ್ತಿದ್ದ. ಈ ವರ್ಷ ರಿಮೋಟ್.

ಹೋಳುಗಳು ತೂಗಿರುವುದು ಮನೆಯ ಕರ್ಟನ್ ಟ್ರ್ಯಾಕಿಗೆ. ಎರಡು ರಾಟೆಗಳ ನಡುವೆ ನೈಲಾನ್ ದಾರದ ಒಂದೇ ಸುತ್ತು. ಒಂದು ಹೋಳು ಮೇಲಿನ ಎಳೆಗೆ, ಇನ್ನೊಂದು ಕೆಳಗಿನ ಎಳೆಗೆ. ರಾಟೆ ಒಂದು ಕಡೆ ತಿರುಗಿದರೆ ಎರಡೂ ದೂರ ಸರಿಯುತ್ತವೆ, ತಿರುಗುಮುರುಗಾದರೆ ಹತ್ತಿರ ಬರುತ್ತವೆ. ರಾಟೆ ತಿರುಗಿಸಲು 12 ವೋಲ್ಟಿನ ಪುಟ್ಟ ಗೇರ್ ಮೋಟರ್.

ಪ್ಲೈವುಡ್ ಹಲಗೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತವನು ಐಟಿಐ ಓದುವ ಹುಡುಗ. ಪಕ್ಕದಲ್ಲಿ ಅವನ ಸೋದರಮಾವ, ಪಂಪ್‌ಸೆಟ್ ವೈಂಡಿಂಗ್ ಅಂಗಡಿಯವರು.

"ಎರಡು ವೈರ್ ತಾನೆ ಮಾವ? ಪ್ಲಸ್ಸು ಮೈನಸ್ಸು ಕೊಟ್ರೆ ತಿರುಗುತ್ತೆ."

"ತಿರುಗೋದು ಬಿಡ್ಲಾ, ಅದು ತಾನಾಗೇ ತಿರುಗ್ತದೆ. ನಿಲ್ಸೋದು ಹೆಂಗೆ, ಅದು ಹೇಳು ಮೊದ್ಲು."

ಹುಡುಗ ಉತ್ತರ ಕೊಡದೆ ಚೀಲದಿಂದ ರಿಸೀವರ್ ತೆಗೆಯುತ್ತಾನೆ. ಬೆಂಗಳೂರಿನ ಎಸ್.ಪಿ. ರೋಡಿನಿಂದ ತಂದದ್ದು, ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ಬೋರ್ಡು, ಮೇಲೆ ಎರಡು ನೀಲಿ ರಿಲೇ. ಬಗ್ಗಿ ನೋಡಿ: ಪ್ರತಿ ರಿಲೇಗೂ ಮೂರು ಸ್ಕ್ರೂ, ಎನ್‌ಒ, ಕಾಮ್, ಎನ್‌ಸಿ. ಮೋಟರಿಗೆ ಕರೆಂಟು ಈ ಬೋರ್ಡಿನಿಂದ ಹುಟ್ಟುವುದಿಲ್ಲ. ರೇಡಿಯೋ ಸಂಕೇತ ಬಂದಾಗ ಕಾಮ್ ಅನ್ನು ಎನ್‌ಸಿಯಿಂದ ಬಿಡಿಸಿ ಎನ್‌ಒಗೆ ತಗಲಿಸುವುದಷ್ಟೇ ರಿಲೇಯ ಕೆಲಸ. ಹೊರಗಿನಿಂದ ಕರೆಂಟು ಕೊಡದೆ, ಮೋಟರ್ ತಿರುಗುತ್ತಿಲ್ಲ ಎಂದು ಬೋರ್ಡನ್ನು ಬೈಯುವವರು ಬಹಳ.

ವೈರಿನ ಸಿಪ್ಪೆ ಸುಲಿಯುವ ಸದ್ದು. ಮೋಟರಿನ ಎರಡು ವೈರು ಎರಡು ಕಾಮ್‌ಗಳಿಗೆ. ಎರಡೂ ಎನ್‌ಸಿ ಸೇರಿಸಿ ಬ್ಯಾಟರಿಯ ಮೈನಸ್ಸಿಗೆ, ಎರಡೂ ಎನ್‌ಒ ಸೇರಿಸಿ ಪ್ಲಸ್ಸಿಗೆ, ನಡುವೆ 3 ಆಂಪಿನ ಫ್ಯೂಸು. ಈ ಜೋಡಣೆ ಕಂಡುಹಿಡಿದವರಿಗೆ ನಾನಾದರೆ ಒಂದು ಶಾಲು ಹೊದಿಸುತ್ತಿದ್ದೆ. ಮೊದಲ ರಿಲೇ ಎದ್ದರೆ ಮೋಟರ್ ಒಂದು ಕಡೆಗೆ, ಎರಡನೆಯದು ಎದ್ದರೆ ಇನ್ನೊಂದು ಕಡೆಗೆ. ಅವಸರದಲ್ಲಿ ಯಾರಾದರೂ ಎರಡೂ ಗುಂಡಿ ಒತ್ತಿದರೆ ಮೋಟರಿನ ಎರಡೂ ತುದಿ ಪ್ಲಸ್ಸಿಗೇ ಹೋಗುತ್ತವೆ. ಶಾರ್ಟ್ ಆಗುವುದಿಲ್ಲ, ಮೋಟರ್ ಸುಮ್ಮನಿರುತ್ತದೆ. ಎರಡನ್ನೂ ಬಿಟ್ಟಾಗ ಎರಡು ತುದಿಯೂ ಮೈನಸ್ಸಿನಲ್ಲಿ ಕೂಡಿಕೊಂಡು, ತಿರುಗುತ್ತಿರುವ ಮೋಟರಿಗೆ ತಾನೇ ಬ್ರೇಕು ಬೀಳುತ್ತದೆ.

ಮಾವ ಕೇಳಿದ ಪ್ರಶ್ನೆಗೆ ಇದು ಅರ್ಧ ಉತ್ತರ. ಉಳಿದರ್ಧ ಟ್ರ್ಯಾಕಿನ ತುದಿಯಲ್ಲಿದೆ. ಹೋಳು ಕೊನೆ ಮುಟ್ಟಿದ ಮೇಲೂ ಗುಂಡಿ ಒತ್ತಿಯೇ ಇದ್ದರೆ ಮೋಟರ್ ತಿರುಗಲಾಗದೆ ಮಾಮೂಲಿಗಿಂತ ಹಲವು ಪಟ್ಟು ಕರೆಂಟು ಎಳೆದು ಬಿಸಿಯಾಗುತ್ತದೆ. ಇಲ್ಲವೇ ದಾರ ಹರಿಯುತ್ತದೆ. ಅದಕ್ಕೇ ತೆರೆಯುವ ಕೊನೆಗೊಂದು, ಮುಚ್ಚುವ ಕೊನೆಗೊಂದು ಮೈಕ್ರೋ ಸ್ವಿಚ್. ಹೋಳು ಬಂದು ನಾಲಿಗೆ ಒತ್ತಿದ ಕೂಡಲೇ ಮೋಟರಿನ ದಾರಿ ಕಡಿಯಬೇಕು. ಕಡಿದರೆ ವಾಪಸ್ ಬರುವುದು ಹೇಗೆ? ಪ್ರತಿ ಸ್ವಿಚ್ಚಿಗೂ ಅಡ್ಡಲಾಗಿ ಒಂದು ಡಯೋಡು, 1ಎನ್5408. ಅದು ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವುದರಿಂದ ಮುಂದೆ ಹೋಗುವ ದಾರಿ ಬಂದ್, ಹಿಂದೆ ಬರುವ ದಾರಿ ತೆರೆದೇ ಇರುತ್ತದೆ.

"ಡಯೋಡಿನ ಬೆಳ್ಳಿ ಗೆರೆ ಯಾವ ಕಡೆಗೆ ಬರ್ಬೇಕು?"

ಹುಡುಗ ಗಾಳಿಯಲ್ಲಿ ಬೆರಳಾಡಿಸಿ ಕರೆಂಟಿನ ದಾರಿ ಹಿಡಿಯುತ್ತಾನೆ. ತೆರೆಯುವಾಗ ಪ್ಲಸ್ ಆಗುವ ವೈರಿನಲ್ಲಿ ತೆರೆಯುವ ಕೊನೆಯ ಸ್ವಿಚ್, ಮುಚ್ಚುವಾಗ ಪ್ಲಸ್ ಆಗುವ ವೈರಿನಲ್ಲಿ ಮುಚ್ಚುವ ಕೊನೆಯದು. "ಎರಡೂ ರಿಲೇ ಕಡೆಗೆ, ಮಾವ."

ಮಾವ ತಲೆಯಾಡಿಸಿ ಸೋಲ್ಡರಿಂಗ್ ಐರನ್ ಕೊಡುತ್ತಾರೆ. ರೋಸಿನ್ ಹೊಗೆ ಮೂಗಿಗೆ ಹತ್ತುತ್ತದೆ. ಮೋಟರಿನ ಎರಡು ಟರ್ಮಿನಲ್‌ಗಳಿಗೇ ತಾಗಿಸಿ 104 ಎಂದು ಬರೆದ ಕಂದು ಕೆಪಾಸಿಟರ್ ಒಂದನ್ನು ಬೆಸೆಯುತ್ತಾರೆ. ಮೋಟರಿನ ಬ್ರಷ್ಷಿನಲ್ಲಿ ಹಾರುವ ಕಿಡಿಯೂ ಒಂದು ಬಗೆಯ ರೇಡಿಯೋ ಗದ್ದಲ. ಅದನ್ನು ಅಲ್ಲೇ ಅಡಗಿಸದಿದ್ದರೆ ರಿಸೀವರಿಗೆ ರಿಮೋಟಿನ ಮಾತು ಕೇಳಿಸುವುದಿಲ್ಲ. ರಿಸೀವರಿನ ಆಂಟೆನಾ ಎಂದರೆ ಬರೀ ಒಂದು ವೈರು. 433 ಮೆಗಾಹರ್ಟ್ಸ್ ಅಲೆಯ ಉದ್ದ ಸುಮಾರು 69 ಸೆಂಟಿಮೀಟರ್, ಅದರ ಕಾಲು ಭಾಗ 17 ಚಿಲ್ಲರೆ. ಹುಡುಗ ಸ್ಕೇಲಿಟ್ಟು ಅಳೆದು, ಮೋಟರಿನ ವೈರಿನಿಂದ ದೂರ, ಬೊಂಬಿಗೆ ನೆಟ್ಟಗೆ ಟೇಪು ಹಚ್ಚುತ್ತಾನೆ.

ಇನ್ನು ರಿಮೋಟಿನ ಪರಿಚಯ. ಈ ಬೋರ್ಡಿನಲ್ಲಿ ಕಲಿಕೆಯ ಗುಂಡಿ ಒಂದು ಸಲ ಒತ್ತಿದರೆ, ರಿಮೋಟ್ ಒತ್ತಿ ಹಿಡಿದಷ್ಟು ಹೊತ್ತು ಮಾತ್ರ ರಿಲೇ ಎದ್ದಿರುತ್ತದೆ. ಒಮ್ಮೆ ಒತ್ತಿ ಬಿಟ್ಟರೆ ಓಡುತ್ತಲೇ ಇರುವ ವಿಧಾನವೂ ಉಂಟು. ಹುಡುಗನಿಗೆ ಅದರ ಮೇಲೇ ಆಸೆ. ಮಾವ ಒಪ್ಪುವುದಿಲ್ಲ, ನಾನೂ ಒಪ್ಪುವವನಲ್ಲ. ಮಕ್ಕಳು ಕಂಬ ಮುಟ್ಟದೆ ಬಿಡುತ್ತವೆಯೆ? ಯಾರದಾದರೂ ಕೈ ಸಿಕ್ಕಿದರೆ ಬೆರಳು ಎತ್ತಿದೊಡನೆ ನಿಲ್ಲಬೇಕು. ಇಂಥ ರಿಮೋಟು ಪ್ರತಿ ಸಲವೂ ಒಂದೇ ಸಂಕೇತ ಕಳಿಸುವುದರಿಂದ ಅದನ್ನು ಗಾಳಿಯಲ್ಲಿ ಹಿಡಿದು ಮರುನುಡಿಸುವುದು ಕಷ್ಟವಲ್ಲ. ನರಸಿಂಹನಿಗೆ ಪರವಾಗಿಲ್ಲ, ಮನೆಯ ಗೇಟಿಗೆ ಮಾತ್ರ ಹಾಕಬೇಡಿ.

ಫ್ಯೂಸು ಕೂರಿಸಿ ಗುಂಡಿ ಒತ್ತುತ್ತಾನೆ. ಟಕ್ ಎಂದು ರಿಲೇ, ಗುರ್ ಎಂದು ಗೇರು, ಕಂಬದಲ್ಲಿ ಕೂದಲೆಳೆಯಷ್ಟು ಬಿರುಕು. ಬಿರುಕು ಅಗಲವಾಗುತ್ತ ಒಳಗಿನ ಕೆಂಪು ಬಲ್ಬಿನ ಬೆಳಕು ನಮ್ಮ ಮೇಲೂ ಚೆಲ್ಲುತ್ತದೆ. ಹೋಳು ಸ್ವಿಚ್ಚಿನ ನಾಲಿಗೆ ಮುಟ್ಟುತ್ತದೆ, ಸದ್ದು ಕಡಿಯುತ್ತದೆ. ಬೆರಳು ಇನ್ನೂ ಗುಂಡಿಯ ಮೇಲೇ ಇದೆ. ಮಾವ ಮೋಟರಿನ ಮೈ ಮುಟ್ಟಿ ನೋಡುತ್ತಾರೆ: ತಣ್ಣಗಿದೆ. ಇನ್ನೊಂದು ಗುಂಡಿಗೆ ಕಂಬ ಕೂಡಿಕೊಳ್ಳುತ್ತದೆ.

ಅಷ್ಟರಲ್ಲಿ ಸಮಿತಿಯ ಹಿರಿಯರೊಬ್ಬರು ಬಗ್ಗಿಕೊಂಡು ಬರುತ್ತಾರೆ. "ಎಲ್ಲಿ ಕೊಡಪ್ಪ, ನಾನೂ ಒಂದ್ಸಲ ಒತ್ತಿ ನೋಡ್ತೀನಿ." ಅವರ ಹಿಂದೆ ಆಗಲೇ ನಾಲ್ಕೈದು ಹುಡುಗರು.

"ಎಲ್ರೂ ಒತ್ತಿದ್ರೆ ನಾಳೆ ಸಂಜೆಗೆ ರಿಮೋಟ್ ಸೆಲ್ ಉಳಿಯಕಿಲ್ಲ ಗೌಡ್ರೇ," ಎನ್ನುತ್ತ ಮಾವ ರಿಮೋಟನ್ನು ಅವರ ಕೈಗಿಡುತ್ತಾರೆ. ಆಮೇಲೆ ಹುಡುಗನಿಗೆ: "ಬೆಳಗ್ಗೆ ಅಂಗಡಿ ತೆಗೆಯೋ ಹೊತ್ಗೆ ಹೋಗಿ ಇನ್ನೊಂದು ಸೆಲ್ ತಂದಿಡು. 12 ವೋಲ್ಟಿಂದು ಅಂತ ಕೇಳು, ಗಡಿಯಾರದ್ದು ಕೊಟ್ಟಾರು."