ಗರಗಸದ ಅಲೆ ಮಡಚಿದ್ದು

ನಮ್ಮ ರೂಮಿನಲ್ಲಿ ಕಟ್ಟಿದ ಸಿಂಥಸೈಜರಿನ ಆಸಿಲೇಟರ್ ಕೊಡೋದು ಒಂದೇ ಅಲೆ, ಸಾಟೂತ್. ಮೈನಸ್ 5 ವೋಲ್ಟಿನಿಂದ ಪ್ಲಸ್ 5ರವರೆಗೆ ಏರಿ ಧೊಪ್ಪನೆ ಬೀಳುತ್ತೆ. ಎಲ್ಲಾ ಹಾರ್ಮಾನಿಕ್‌ಗಳೂ ಅದರಲ್ಲಿವೆ, ಹಾಗಾಗಿ ಸದ್ದು ಖಾರ. ಕ್ಲಬ್ಬಿನ ನಾಟಕಕ್ಕೆ ಹಿನ್ನೆಲೆ ಸಂಗೀತ ಇದರಲ್ಲೇ ಮಾಡೋಣ ಅಂತ ಕೇಳಿಸಿದೆ. ನಾಟಕ ಆಡಿಸುತ್ತಿದ್ದ ಸೀನಿಯರ್, "ಲೋ, ತಾಯಿ ಸಾಯೋ ಸೀನಿಗೆ ಮಿಕ್ಸಿ ಹಾಕ್ತೀಯೇನೋ? ಕೊಳಲಿನ ಹತ್ರಹತ್ರ ಏನಾದ್ರೂ ಕೊಡು, ಇಲ್ಲಾಂದ್ರೆ ಮೊಬೈಲಿಂದ ಹಾಕ್ತೀನಿ" ಅಂದ್ರು. ಎಂಟು ದಿನ ಇತ್ತು.

ಮೆತ್ತಗಿನ ಸದ್ದಿಗೆ ಟ್ರೈಆಂಗಲ್ ಸಾಕು. ಅದರಲ್ಲಿ ಬೆಸ ಹಾರ್ಮಾನಿಕ್‌ಗಳು ಮಾತ್ರ, ಅವೂ ಬೇಗ ಇಳಿಯುತ್ತವೆ: ಮೂರನೆಯದು 9ರಲ್ಲೊಂದು ಪಾಲು, ಐದನೆಯದು 25ರಲ್ಲೊಂದು. ಹೊಸ ಆಸಿಲೇಟರೇನೂ ಬೇಡ. ಕಾಗದದ ಮೇಲೆ ಸಾಟೂತ್ ಬರೆದು, ಸೊನ್ನೆ ಗೆರೆಯಲ್ಲಿ ಮಡಚಿ ನೋಡಿ. ಕೆಳಗಿನ ಅರ್ಧ ಮೇಲೆ ಬಂದು ತ್ರಿಕೋನವಾಗುತ್ತೆ. ಅಂದ್ರೆ ಫುಲ್ ವೇವ್ ರೆಕ್ಟಿಫೈಯರ್ ಅಷ್ಟೇ! ಲ್ಯಾಬಿನಲ್ಲಿ ಅದನ್ನು ಪವರ್ ಸಪ್ಲೈಗೆ ಮಾತ್ರ ಅನ್ನೋ ಹಾಗೆ ಕಲಿಸೋದು ನನ್ನ ಹಳೇ ದೂರು.

ಬರೀ ಡಯೋಡ್ ಹಾಕಿದರೆ 0.6 ವೋಲ್ಟ್ ನುಂಗಿಬಿಡುತ್ತೆ, ತ್ರಿಕೋನದ ಬುಡ ಚಪ್ಪಟೆಯಾಗುತ್ತೆ. ಅದಕ್ಕೇ ಡಯೋಡನ್ನು ಆಪ್‌ಆಂಪಿನ ಫೀಡ್‌ಬ್ಯಾಕಿನೊಳಗೆ ಕೂರಿಸಬೇಕು. ಒಂದು ಟಿಎಲ್072, ಎರಡು 1ಎನ್4148, ಏಳು 100ಕೆ ರೆಸಿಸ್ಟರ್, ಎಲ್ಲಾ ಎಸ್.ಪಿ. ರೋಡಿನಲ್ಲಿ ಸಿಗುತ್ತೆ. ಮೊದಲ ಆಪ್‌ಆಂಪ್ ಅಲೆಯ ಮೇಲಿನ ಅರ್ಧವನ್ನಷ್ಟೇ ತಲೆಕೆಳಗು ಮಾಡುತ್ತೆ. ಎರಡನೆಯದು ಅದರ ಎರಡು ಪಟ್ಟನ್ನು ಮೂಲ ಅಲೆಗೆ ಕೂಡಿಸಿ ಮತ್ತೆ ತಿರುಗಿಸುತ್ತೆ. ಎರಡು ಪಟ್ಟಿಗೆ 50ಕೆ ಬೇಕು, ಎರಡು 100ಕೆ ಪ್ಯಾರಲಲ್. ಫೀಡ್‌ಬ್ಯಾಕಿಗೆ 200ಕೆ, ಎರಡು ಸೀರೀಸ್. ಔಟ್‌ಪುಟ್ 0ಯಿಂದ 10 ವೋಲ್ಟ್ ಬರುತ್ತೆ. ಅದನ್ನು 5 ವೋಲ್ಟ್ ಕೆಳಗಿಳಿಸೋಕೆ ಪ್ಲಸ್ 12ರಿಂದ 390ಕೆ, ಜೊತೆಗೊಂದು 200ಕೆ ಪ್ರಿಸೆಟ್.

ಆರನೇ ದಿನ ಕೇಳಿಸಿದಾಗ ಸೀನಿಯರ್ ಏನೂ ಮಾತಾಡಲಿಲ್ಲ, ಸ್ಕ್ರಿಪ್ಟಿನಲ್ಲಿ ನನ್ನ ಹೆಸರು ಬರೆದುಕೊಂಡ್ರು. ಆದರೆ ಮೇಲಿನ ಸ್ವರಗಳಲ್ಲಿ ಜೀರುಂಡೆ ಥರ ಏನೋ ಕೇಳ್ತಿತ್ತು.

ಸ್ಕೋಪಿಗೆ ಹಾಕಿದರೆ ತ್ರಿಕೋನದ ತುದಿಯಲ್ಲೊಂದು ಸಣ್ಣ ಸೀಳು. ಸಾಟೂತ್ ಬೀಳೋದಕ್ಕೂ ಒಂದಿಷ್ಟು ಸಮಯ ಬೇಕಲ್ಲ, ಬೀಳುವಾಗ ಅದು ಸೊನ್ನೆಯನ್ನು ದಾಟಿಯೇ ಹೋಗಬೇಕು. ಸೀಳಿನ ಅಗಲ ಅಷ್ಟೇ ಇರುತ್ತೆ, ಸ್ವರ ಏರಿದ ಹಾಗೆ ಅಲೆ ಕಿರಿದಾಗುತ್ತೆ, ಅದಕ್ಕೇ ಮೇಲೆ ಹೋದಷ್ಟೂ ಜಾಸ್ತಿ ಕೇಳಿಸೋದು. ಇದನ್ನೂ ಆಫ್‌ಸೆಟ್ಟನ್ನೂ ಬೆರೆಸಬೇಡಿ. ಸಾಟೂತ್ ಪ್ಲಸ್ 5.2, ಮೈನಸ್ 4.8 ಇದ್ದರೆ ತುದಿಯಲ್ಲಿ 0.8 ವೋಲ್ಟಿನ ಮೆಟ್ಟಿಲು ಬರುತ್ತೆ. ಅದನ್ನು ಮೊದಲು ಸರಿಮಾಡಿ, ಆಮೇಲೆ ಸೀಳಿನ ಕಡೆ ನೋಡಿ.

ಸೀಳಿಗೆ ನಾನು ಹಾಕಿದ್ದು 200ಕೆ ಮೇಲೆ ಒಂದು 47 ಪಿಕೋಫ್ಯಾರಡ್. ಸುಮಾರು 17 ಕಿಲೋಹರ್ಟ್ಸ್‌ನಿಂದ ಮೇಲಿನದು ಕುಗ್ಗುತ್ತೆ, ಸೀಳು ಬಹುಪಾಲು ತುಂಬಿಕೊಳ್ಳುತ್ತೆ, ತುದಿ ಚೂರು ದುಂಡಗಾಗುತ್ತೆ. ಉಳಿದಷ್ಟು ಇರಲಿ ಬಿಡಿ, ಕೊಳಲಿಗೂ ಉಸಿರಿನ ಸದ್ದು ಇರಲ್ವಾ? ಸೈನ್ ಮಾಡೋಕೆ ಎರಡು ಬಿಸಿ547ರ ಡಿಫರೆನ್ಷಿಯಲ್ ಜೋಡಿ ಸಾಕಂತೆ ಅಂತ ರೂಮ್‌ಮೇಟ್ ಹಠ ಹಿಡಿದಿದ್ದಾನೆ. ಬೋರ್ಡಿನಲ್ಲಿ ಜಾಗ ಬಿಟ್ಟಿದ್ದೀನಿ.