ಹಳ್ಳದ ಮಡುಗಳು

ಕಡಲ ದಂಡೆಯವರಿಗೆ ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ. ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ಕಡೆಯವರಾದ ನಮಗೆ ಕಡಲೆಂಬುದು ಭೂಗೋಳದ ಪುಸ್ತಕದ ಮಾತು. ಕೃಷ್ಣೆ ತುಂಗಭದ್ರೆಯರ ನಡುವಿನ ಎರೆಹೊಲ, ಬೋಳುಗುಡ್ಡ, ಕಾದ ಬಂಡೆ ಇವೇ ನಮ್ಮ ಆಸ್ತಿ. ಆದರೂ ನಮಗೂ ಒಂದು ಉಬ್ಬರ, ಒಂದು ಇಳಿತ ಉಂಟು, ವರ್ಷಕ್ಕೊಮ್ಮೆ ಮಾತ್ರ. ಮುಂಗಾರು ಹಿಡಿದರೆ ಹಳ್ಳಗಳು ದಂಡೆ ಮೀರುತ್ತವೆ. ಸಂಕ್ರಾಂತಿ ಕಳೆಯುವ ಹೊತ್ತಿಗೆ ಹರಿವು ನೂಲಿನಂತಾಗುತ್ತದೆ. ಯುಗಾದಿಗೆ ಮರಳಿನ ನಡುವೆ ಅಲ್ಲೊಂದು ಇಲ್ಲೊಂದು ಮಡು ಉಳಿಯುತ್ತದೆ. ಹಳ್ಳದ ಮೀನೆಲ್ಲ ಅಷ್ಟರಲ್ಲಿಯೇ ಸಂಸಾರ ಹೂಡಬೇಕು.

ಕಾರವಾರದ ಬಂಡೆಗಳ ಮೇಲೆ ನೀರಿಳಿದಾಗ ಉಳಿಯುವ ಕೊಳಗಳನ್ನು ಕಂಡಂದಿನಿಂದ ಈ ಹೋಲಿಕೆ ನನ್ನ ತಲೆಯಲ್ಲಿ ಕೂತಿದೆ. ಅಲ್ಲಿಯೂ ಕೊಳಕ್ಕೊಂದು ಕುಲ. ಮೇಲಿನ ಕೊಳ ಬಿಸಿಲಿಗೆ ಕಾಯುತ್ತದೆ, ಮಳೆ ಬಿದ್ದರೆ ಸಪ್ಪೆಯಾಗುತ್ತದೆ. ಗಟ್ಟಿ ಜೀವದವೇ ಅಲ್ಲಿ ನಿಲ್ಲಬೇಕು. ಕೆಳಗಿನ ಕೊಳದಲ್ಲಿ ಪಾಚಿಯ ಮರೆಯೂ ತಂಪೂ ಇರುವುದರಿಂದ ಕಡಲ ಮೀನುಗಳ ಮರಿಗಳೂ ಬಂದು ಸೇರುತ್ತವೆ. ಕೆಲವಕ್ಕೆ ಕೊಳವೇ ಕಾಯಂ ಮನೆ, ಕೆಲವಕ್ಕೆ ಬಾಲ್ಯದ ತೊಟ್ಟಿಲು, ಉಳಿದವು ಇಳಿತಕ್ಕೆ ಸಿಕ್ಕಿಬಿದ್ದ ಅತಿಥಿಗಳು. ಅಮೆರಿಕದ ವಿಜ್ಞಾನಿ ಆರನ್ಸನ್ 1951ರಲ್ಲಿ ಒಂದು ಸೋಜಿಗವನ್ನು ಪ್ರಕಟಿಸಿದರು. ಗೋಬಿ ಜಾತಿಯ ಒಂದು ಪುಟ್ಟ ಮೀನನ್ನು ಇಳಿತದಲ್ಲಿ ಹೆದರಿಸಿದರೆ, ತಾನಿರುವಲ್ಲಿಂದ ಕಾಣದ ಪಕ್ಕದ ಕೊಳಕ್ಕೆ ಅದು ಗುರಿಯಿಟ್ಟಂತೆ ಹಾರುತ್ತದೆ. ಉಬ್ಬರದಲ್ಲಿ ಬಂಡೆಯ ಮೇಲೆ ಈಜಾಡುವಾಗಲೇ ಅದು ತಗ್ಗುದಿಣ್ಣೆಗಳನ್ನು ನೆನಪಿನಲ್ಲಿ ಇಟ್ಟುಕೊಂಡಿರುತ್ತದೆ. ನೀರಿದ್ದಾಗ ನೀರಿಲ್ಲದ ದಿನವನ್ನು ನೆನೆಯುವ ವಿದ್ಯೆ ಇದು!

ನಮ್ಮ ಹಳ್ಳದ ಮಡುಗಳಲ್ಲಿಯೂ ಇಂಥದೇ ಹಂಚಿಕೆ. ಅದನ್ನು ನನಗೆ ತೋರಿಸಿಕೊಟ್ಟವನು ಬೆಸ್ತರ ಒಬ್ಬ ಮುದುಕ. ಊರಿಗೆಲ್ಲ ಅವನು ತಾತ. ಹರಿವು ಇನ್ನೂ ಸತ್ತಿರದ ಕಡೆ, ಕಲ್ಲಿನ ಸಂದಿಯಲ್ಲಿ, ನೆಲಕ್ಕಂಟಿ ಬದುಕುವ ಬೆರಳುದ್ದದ ಮೀನುಗಳು. ತಿಳಿಯಾದ ಅಂಚಿನಲ್ಲಿ ಬೆಳ್ಳಿ ಮೈಯ ಸಣ್ಣ ಮೀನುಗಳ ಹಿಂಡು. ಬಂಡೆಯ ನೆರಳಿನ ಆಳದಲ್ಲಿ ದೊಡ್ಡವು. ಕೆಸರು, ಜೊಂಡು ತುಂಬಿದ ಗುಂಡಿ ಮಾತ್ರ ಕೊರವ, ಚೇಳುಮೀನುಗಳ ರಾಜ್ಯ. ಬೇಸಿಗೆಯಲ್ಲಿ ನೀರಿನೊಳಗಿನ ಪ್ರಾಣವಾಯು ರಾತ್ರಿಯೆಲ್ಲ ಕರಗುತ್ತ ಬಂದು ನಸುಕಿಗೆ ತೀರ ಕಡಿಮೆಯಾಗುತ್ತದೆ. ಆಗ ಉಳಿದ ಮೀನು ಬಾಯಿಬಿಟ್ಟು ಏದುವಾಗ ಇವೆರಡು ಮೇಲೆ ಬಂದು ಗಾಳಿಯನ್ನೇ ಕುಡಿದು ಹೋಗುತ್ತವೆ. ದೊಡ್ಡ ಕೊರವವನ್ನು ಮೇಲೆ ಬರಗೊಡದಿದ್ದರೆ, ಮೀನಾದ ಅದೂ ನೀರಿನಲ್ಲೇ ಉಸಿರುಗಟ್ಟಿ ಸಾಯುತ್ತದೆ.

2016ರ ಬರದ ಬೇಸಿಗೆಯಲ್ಲಿ ನಮ್ಮ ಹೊಲದ ಪಕ್ಕ ಉಳಿದದ್ದು ಒಂದೇ ಮಡು. ಅಣ್ಣನ ಶೇಂಗಾಕ್ಕೆ ಇನ್ನೊಂದು ನೀರು ಬೇಕಾಗಿತ್ತು. ಡೀಸೆಲ್ ಎಂಜಿನ್ ಹೂಡಿ ಪೈಪು ಇಳಿಬಿಟ್ಟದ್ದಾಯಿತು. ತಾತ ಬಂದು ದಂಡೆಯ ಮೇಲೆ ಕುಕ್ಕರುಗಾಲಿನಲ್ಲಿ ಕೂತ.

"ಮೊಣಕಾಲುದ್ದ ನೀರು ಬಿಡ್ರಿ ಧಣೇರ. ಇದು ಮೀನಲ್ಲ, ಬೀಜ. ಬೀಜ ತಿಂದು ಬಿತ್ತಾಕ ಆಗ್ತದೇನ್ರಿ?"

"ಮೀನಿಗೆ ನೀರು ಬಿಟ್ರ ನನ್ನ ಮಕ್ಕಳಿಗೆ ಏನು ಬಿಡ್ಲಿ ತಾತಾ? ಪೀಕು ಒಣಗಿದ್ರ ಸಾಲದವರು ನಿನ್ನ ಕೇಳ್ತಾರೇನು?" ಎಂದ ಅಣ್ಣ.

ಇಬ್ಬರ ಮಾತೂ ನಿಜ. ನಾನು ಪಟ್ಟಣದಿಂದ ಬಂದ ನೆಂಟ. ತೂಗಿ ನೋಡಲು ನನ್ನ ಕೈಯಲ್ಲಿ ತಕ್ಕಡಿ ಇರಲಿಲ್ಲ. ಎಂಜಿನ್ ಮಧ್ಯಾಹ್ನದವರೆಗೆ ಓಡಿತು. ಬಂಡೆಯ ಮೇಲಿನ ಒಂದು ಬಿಳಿ ಗೆರೆಯವರೆಗೆ ನೀರು ಇಳಿದಾಗ ಅಣ್ಣ ತಾನೇ ಎದ್ದು ಎಂಜಿನ್ ನಿಲ್ಲಿಸಿದ. ಕಡೆಯ ನಾಲ್ಕು ಸಾಲು ಒಣಗಿದವು. ಆ ಲೆಕ್ಕವನ್ನು ಅತ್ತಿಗೆ ಇಂದಿಗೂ ಹೇಳುತ್ತಾಳೆ. ಜೂನಿನಲ್ಲಿ ಹಳ್ಳ ಬಂದ ಮರುದಿನ ಹೊಸ ನೀರಿಗೆ ಎದುರಾಗಿ ಮೀನು ಏರುವುದನ್ನು ಊರೆಲ್ಲ ನಿಂತು ನೋಡಿತು. ಮೊಟ್ಟೆಯಿಡಲು ಅವು ಹುಡುಕುವುದು ನೆರೆ ಹೊಕ್ಕ ಹುಲ್ಲಂಚನ್ನು. ಆದರೆ ಏರಬೇಕಾದರೆ ಮೊದಲು ಎಲ್ಲಿಯಾದರೂ ಉಳಿದಿರಬೇಕಷ್ಟೆ.

ಈಗ ಇಳಿತವೇ ಎಲ್ಲ ಕಡೆ ಒಂದೇ ತೆರನಾಗಿ ಉಳಿದಿಲ್ಲ. 1953ರಲ್ಲಿ ತುಂಗಭದ್ರೆಗೆ ಅಣೆಕಟ್ಟಾಯಿತು. ಎಡದಂಡೆ ಕಾಲುವೆ ಸಿಂಧನೂರನ್ನು ಭತ್ತದ ನಾಡನ್ನಾಗಿ ಮಾಡಿತು. ಗದ್ದೆಯ ಬಸಿನೀರು ಬಂದು ಸೇರುವ ಹಳ್ಳಗಳಲ್ಲಿ ಒಣಗುವ ಕಾಲದಲ್ಲಿಯೂ ನೀರುಂಟು. ಹೊಲಕ್ಕೆ ಹೊಡೆದ ಔಷಧವೂ ಅದರೊಡನೆ ಬರುತ್ತದೆ. ಕಾಲುವೆ ಕಾಣದ ಹಳ್ಳಗಳಲ್ಲಿ ಮರಳು ತೆಗೆದಲ್ಲೆಲ್ಲ ಹಳೆಯ ಒರತೆಗಳು ಬತ್ತುತ್ತವೆ, ಮಡುವಿನ ಅಂಚು ಕುಸಿಯುತ್ತದೆ. ನೀರು ಇದ್ದರೆ ಸಾಕೆಂದು ನಾವು ಅಂದುಕೊಳ್ಳುತ್ತೇವೆ. ಮೀನಿಗೆ ನೀರು ಸಾಲದು. ಆಳವೂ ಬೇಕು, ಅಂಚೂ ಬೇಕು, ಕಲ್ಲೂ ಜೊಂಡೂ ಬೇಕು. ಒಂದೇ ಅಳತೆಯ ಗುಂಡಿ ತೋಡಿಕೊಟ್ಟರೆ ಒಂದೇ ಜಾತಿ ಬದುಕೀತು.

ಮಸ್ಕಿಯ ಬಂಡೆಯ ಶಾಸನವನ್ನು 1915ರಲ್ಲಿ ಕಂಡವನು ಚಿನ್ನದ ಗಣಿಯ ಎಂಜಿನಿಯರು ಬೀಡನ್. ದೇವಾನಾಂಪ್ರಿಯನ ಹೆಸರು ಅಶೋಕನೆಂದು ಖಚಿತವಾದದ್ದು ಆ ಬಂಡೆಯಿಂದ. ಆ ಅರಸನೇ ಉತ್ತರದಲ್ಲಿ ನಿಲ್ಲಿಸಿದ ಕಂಬಗಳ ಶಾಸನವೊಂದರಲ್ಲಿ, ಗೊತ್ತುಮಾಡಿದ ಹುಣ್ಣಿಮೆಗಳಲ್ಲೂ ಉಪವಾಸದ ದಿನಗಳಲ್ಲೂ ಮೀನನ್ನು ಕೊಲ್ಲಬಾರದು, ಮಾರಲೂಬಾರದು ಎಂಬ ಕಟ್ಟಳೆಯಿದೆ. ಬೆಸ್ತರ ತಾತ ಆ ಲಿಪಿಯನ್ನು ಓದಿದವನಲ್ಲ. ಅವನು ಓದಿದ್ದು ಬಂಡೆಯ ಮೇಲಿನ ಬಿಳಿ ಗೆರೆಯೊಂದನ್ನು. ಈಗ ತಾತನಿಲ್ಲ. ಬೇಸಿಗೆಯಲ್ಲಿ ಆ ಗೆರೆ ಕಂಡ ಕೂಡಲೆ ಅಣ್ಣನ ಮಗ, ಯಾರೂ ಹೇಳದೆ, ಎಂಜಿನ್ ನಿಲ್ಲಿಸುತ್ತಾನೆ.